ಈಸ್ಟ್ ಹ್ಯಾಮ್‌ನಲ್ಲಿ ವೋಟು ಹಾಕಬೇಕಾ?

ಲಂಡನ್ನಿನ ಈಸ್ಟ್ ಹ್ಯಾಮ್‌ನಲ್ಲಿ ರೂಮ್ ಸಿಕ್ಕಿತು ಅಂತ ಬರೆದಿದ್ದೀರಿ, ಸಂತೋಷ. ಹೈ ಸ್ಟ್ರೀಟ್ ನಾರ್ತ್ ಹತ್ತಿರ ಅಂದರೆ ದೋಸೆಗೂ ಕರಿಬೇವಿಗೂ ಚಿಂತೆಯಿಲ್ಲ. 'ಮತದಾರರ ಪಟ್ಟಿಗೆ ಹೆಸರು ಸೇರಿಸಿ ಅಂತ ಕೌನ್ಸಿಲ್‌ನಿಂದ (ಇಲ್ಲಿನ ನಗರಸಭೆ) ಪತ್ರ ಬಂದಿದೆ, ನನ್ನದು ಇನ್ನೂ ಭಾರತದ ಪಾಸ್‌ಪೋರ್ಟ್, ಅದೂ ಅಲ್ಲದೆ ಇಲ್ಲಿ ಯಾವಾಗಲೂ ಲೇಬರ್ ಪಕ್ಷದವರೇ ಗೆಲ್ಲುವುದಂತೆ, ಸುಮ್ನೆ ಯಾಕೆ' ಅಂತ ಕೇಳಿದ್ದೀರಿ.

ಮೊದಲು ಆ ಪತ್ರಕ್ಕೆ ಉತ್ತರ ಕೊಡಿ. ಭಾರತ ಕಾಮನ್‌ವೆಲ್ತ್ ದೇಶ. ಹಾಗಾಗಿ ವೀಸಾ ಮೇಲೆ ಬಂದವರಿಗೂ ಇಲ್ಲಿ ಪಾರ್ಲಿಮೆಂಟ್ ಚುನಾವಣೆಯಲ್ಲಿ ವೋಟು ಇದೆ. ನನಗೆ ಇದು ಯಾರೂ ಹೇಳಲಿಲ್ಲ. ಒಂದು ಚುನಾವಣೆ ಹಾಗೇ ಹೋಯಿತು. ಪಟ್ಟಿಯಲ್ಲಿ ಹೆಸರಿದ್ದರೆ ಮುಂದೆ ಸಾಲ ಕೇಳುವಾಗಲೂ ಅನುಕೂಲ.

ಇನ್ನು 'ಯಾವಾಗಲೂ ಲೇಬರ್' ಅನ್ನುವ ಮಾತು. ಅದು ಬಹುಮಟ್ಟಿಗೆ ನಿಜ, ಹಳೆಯ ಬೇರು. 1889ರಲ್ಲಿ ಇಲ್ಲೇ ಹತ್ತಿರದ ಬೆಕ್ಟನ್ ಗ್ಯಾಸ್ ಕಾರ್ಖಾನೆಯ ಕೆಲಸಗಾರ ವಿಲ್ ಥಾರ್ನ್ ಸಂಘ ಕಟ್ಟಿ, ಹನ್ನೆರಡು ಗಂಟೆಯ ಪಾಳಿಯನ್ನು ಎಂಟಕ್ಕೆ ಇಳಿಸಿದರು. ಪಕ್ಕದ ವೆಸ್ಟ್ ಹ್ಯಾಮ್ ಸೌತ್ 1892ರಲ್ಲೇ ಕಾರ್ಮಿಕ ನಾಯಕ ಕೀರ್ ಹಾರ್ಡಿಯನ್ನು ಪಾರ್ಲಿಮೆಂಟ್‌ಗೆ ಗೆಲ್ಲಿಸಿತು. ಆಗಿನ್ನೂ ಲೇಬರ್ ಪಕ್ಷವೇ ಹುಟ್ಟಿರಲಿಲ್ಲ! ಆಮೇಲೆ ಗ್ಯಾಸ್ ಕಾರ್ಖಾನೆ ಹೋಯಿತು, 1981ರಲ್ಲಿ ರಾಯಲ್ ಡಾಕ್ಸ್ ಅನ್ನುವ ಹಡಗುಕಟ್ಟೆ ಮುಚ್ಚಿತು. ಹಳೆಯ ಕುಟುಂಬಗಳು ಎಸೆಕ್ಸ್ ಕಡೆ ಹೋದವು, ಆ ಮನೆಗಳಿಗೆ ನಮ್ಮಂಥವರು ಬಂದೆವು. 2021ರ ಜನಗಣತಿ ಪ್ರಕಾರ ಈಸ್ಟ್ ಹ್ಯಾಮ್ ಸೇರಿರುವ ನ್ಯೂಹ್ಯಾಮ್ ಬರೋದಲ್ಲಿ (ಲಂಡನ್ನಿನ ಒಂದು ಆಡಳಿತ ವಿಭಾಗ) ಬಿಳಿಯ ಬ್ರಿಟಿಷರು ನೂರಕ್ಕೆ 15, ಏಷ್ಯಾ ಮೂಲದವರು 42. ಮುಸ್ಲಿಮರು 35, ಹಿಂದೂಗಳು ಬರೀ 6. ಜನ ಪೂರ್ತಿ ಬದಲಾದರು, ಪಕ್ಷ ಬದಲಾಗಲಿಲ್ಲ. ಬಾಡಿಗೆ ಮನೆ, ಕಡಿಮೆ ಸಂಬಳ ಮಾತ್ರ ಹೊಸಬರಿಗೂ ತಪ್ಪಲಿಲ್ಲ ನೋಡಿ.

ಇಲ್ಲಿನ ಹಳಬರು ಒಂದು ಕತೆ ಹೇಳುತ್ತಾರೆ. ರೆಜ್ ಪ್ರೆಂಟಿಸ್ ಅಂತ ಇಲ್ಲಿನ ಲೇಬರ್ ಸಂಸದ, ಮಂತ್ರಿಯಾಗಿದ್ದವರು. 1975ರಲ್ಲಿ ಅವರ ಪಕ್ಷದ ಸ್ಥಳೀಯ ಘಟಕವೇ ಮುಂದಿನ ಸಲ ಟಿಕೆಟ್ ಇಲ್ಲ ಅಂದಿತು. 1977ರಲ್ಲಿ ಅವರು ಎದುರಾಳಿ ಕನ್ಸರ್ವೇಟಿವ್ ಪಕ್ಷ ಸೇರಿದರು. 1979ರಲ್ಲಿ ಇಲ್ಲಿ ನಿಲ್ಲದೆ ಡ್ಯಾವೆಂಟ್ರಿ ಕ್ಷೇತ್ರಕ್ಕೆ ಹೋಗಿ ಗೆದ್ದರು. ಇಲ್ಲಿ ಮತ್ತೆ ಲೇಬರ್! 1994ರ ಉಪಚುನಾವಣೆಯಲ್ಲಂತೂ ಲಿಬರಲ್ ಡೆಮಾಕ್ರಾಟ್ ಅಭ್ಯರ್ಥಿಯೇ ಮತದಾನ ಹತ್ತಿರ ಬಂದಾಗ ಲೇಬರ್ ಸೇರಿಬಿಟ್ಟರು.

ಆ ಉಪಚುನಾವಣೆಯಲ್ಲಿ ಗೆದ್ದವರೇ ಸ್ಟೀಫನ್ ಟಿಮ್ಸ್. 2010ರಲ್ಲಿ ಅವರ ಅಂತರ 27,826, ಇಡೀ ದೇಶಕ್ಕೇ ದೊಡ್ಡದು. 2017ರಲ್ಲಿ ನೂರಕ್ಕೆ 83 ವೋಟು, 39,883ರ ಅಂತರ. ಅವರ 'ಸರ್ಜರಿ' ಬಗ್ಗೆ ಕೇಳಿದರೆ ಆಸ್ಪತ್ರೆ ಅಂದುಕೊಳ್ಳಬೇಡಿ. ಸಂಸದರು ಕ್ಷೇತ್ರದ ಜನರನ್ನು ಕೂತು ಭೇಟಿಯಾಗುವುದಕ್ಕೆ ಇಲ್ಲಿ ಹಾಗನ್ನುತ್ತಾರೆ. 2010ರಲ್ಲಿ ಅಂಥ ಒಂದು ಸರ್ಜರಿಯಲ್ಲೇ ಅವರಿಗೆ ಚಾಕು ಇರಿತವಾಗಿತ್ತು. ಬದುಕಿ ಬಂದು, ಜನರನ್ನು ನೋಡುವುದನ್ನು ಮುಂದುವರಿಸಿದರು. ವೀಸಾ, ಮನೆ ಏನೇ ತೊಂದರೆ ಆದರೂ ಸಂಸದರಿಗೆ ಬರೆಯಬಹುದು, ಅವರಿಗೆ ವೋಟು ಹಾಕಿರಬೇಕು ಅಂತೇನಿಲ್ಲ.

ಆದರೆ 2024ರಲ್ಲಿ ಅವರ ಪಾಲು ನೂರಕ್ಕೆ 52ರ ಹತ್ತಿರಕ್ಕೆ ಬಿತ್ತು. ಅಂತರ 12,863. ಎರಡನೇ ಸ್ಥಾನ ಕನ್ಸರ್ವೇಟಿವ್‌ಗೆ ಅಲ್ಲ, ನ್ಯೂಹ್ಯಾಮ್ ಇಂಡಿಪೆಂಡೆಂಟ್ಸ್ ಅನ್ನುವ ಸ್ಥಳೀಯ ಪಕ್ಷಕ್ಕೆ. ಗಾಜಾ ವಿಷಯದಲ್ಲಿ ಲೇಬರ್ ಮೇಲೆ ಸಿಟ್ಟಾದವರು ಇಲ್ಲಿ ಕಡಿಮೆಯೇನಿಲ್ಲ. ಬೆಕ್ಟನ್ ಕೂಡ ಆ ಸಲ ಪಕ್ಕದ ಕ್ಷೇತ್ರಕ್ಕೆ ಹೋಯಿತು. ಗಟ್ಟಿ ಕ್ಷೇತ್ರ ಅನ್ನುವುದು ಬಂಡೆಯೇನಲ್ಲ.

ನನ್ನ ಲೆಕ್ಕ ಕೇಳಿದರೆ, ಇಂಥ ಕಡೆ ನಿಜವಾದ ಚುನಾವಣೆ ನಡೆಯುವುದು ಪಕ್ಷದ ಒಳಗೆ. ಊರಲ್ಲಿ ಬಿ ಫಾರಂ ಯಾರಿಗೆ ಅಂತ ಕಾಯುತ್ತೇವಲ್ಲ, ಹಾಗೆ. ವ್ಯತ್ಯಾಸ ಅಂದರೆ ಇಲ್ಲಿ ಸ್ಥಳೀಯ ಸದಸ್ಯರಿಗೂ ಅದರಲ್ಲಿ ಮಾತಿದೆ. ನ್ಯೂಹ್ಯಾಮ್ ಮೇಯರ್ ಆಗಿ 2002ರಿಂದ ಕೂತಿದ್ದ ರಾಬಿನ್ ವೇಲ್ಸ್ ಅವರನ್ನು 2018ರಲ್ಲಿ ಕೆಳಗಿಳಿಸಿದ್ದು ಎದುರು ಪಕ್ಷ ಅಲ್ಲ, ಅವರದೇ ಪಕ್ಷದ ಸದಸ್ಯರು. ರುಕ್ಸಾನಾ ಫಿಯಾಜ್ ಅವರನ್ನು ಆರಿಸಿದರು. ಕಸ, ಪಾರ್ಕಿಂಗ್, ಕೌನ್ಸಿಲ್ ಟ್ಯಾಕ್ಸ್ ಎಲ್ಲಾ ಕೌನ್ಸಿಲ್ ಕೈಲಿದೆ. ಕೌನ್ಸಿಲ್ ಚುನಾವಣೆಯಲ್ಲಿ ವೋಟು ಹಾಕುವವರೂ ಕಡಿಮೆ, ಹಾಗಾಗಿ ನಿಮ್ಮ ಒಂದು ವೋಟಿಗೆ ತೂಕ ಜಾಸ್ತಿ.

ಮತದಾನ ಗುರುವಾರ, ಬೆಳಗ್ಗೆ 7ರಿಂದ ರಾತ್ರಿ 10. ರಜೆ ಇಲ್ಲ, ಕೆಲಸ ಮುಗಿಸಿ ಬಂದು ಹಾಕಿ. ಫೋಟೋ ಇರುವ ಗುರುತು ತೋರಿಸಬೇಕು, ನಿಮ್ಮ ಭಾರತದ ಪಾಸ್‌ಪೋರ್ಟ್ ನಡೆಯುತ್ತದೆ. ಮೆಷಿನ್ ಇಲ್ಲ, ಕಾಗದ ಮತ್ತು ಪೆನ್ಸಿಲ್. ಬೆರಳಿಗೆ ಶಾಯಿ ಹಚ್ಚುವುದಿಲ್ಲ, ಹಾಗಾಗಿ ಅಮ್ಮನಿಗೆ ಕಳಿಸಲು ಫೋಟೋ ಮಾತ್ರ ಸಿಗುವುದಿಲ್ಲ.