ಜಾನ್ ಫೌಲ್ಸ್ ಕಾದಂಬರಿಯಲ್ಲಿ ಕಾಡಿನ ಪುಟಗಳನ್ನು ಬಿಟ್ಟು ಓದಬಹುದಾ?

'ದಿ ಫ್ರೆಂಚ್ ಲೆಫ್ಟಿನೆಂಟ್ಸ್ ವುಮನ್' ಅರ್ಧ ಓದಿದ್ದೀರಿ. ಪ್ರೇಮಕಥೆಯ ಮಧ್ಯೆ ಗಿಡ, ಹಕ್ಕಿ, ಬಂಡೆ ಅಂತ ಇಷ್ಟೊಂದು ಯಾಕೆ, ಅದನ್ನೆಲ್ಲ ಬಿಟ್ಟು ಮುಂದೆ ಹೋದರೆ ನಷ್ಟವೇ ಅಂತ ಕೇಳಿದ್ದೀರಿ. ದಯವಿಟ್ಟು ಬಿಡಬೇಡಿ. ಮೊದಲ ಸಲ ಓದಿದಾಗ ನಾನೂ ಆ ಪುಟಗಳನ್ನು ಹಾರಿಸಿದ್ದೆ. ಎರಡನೇ ಸಲ ಕೂತು ಓದಿದಾಗ ಗೊತ್ತಾಯಿತು, ಕಥೆಯ ಜೀವ ಇದ್ದದ್ದೇ ಅಲ್ಲಿ.

ಮೊದಲು ಆ ಜಾಗ ಎಂಥದ್ದು ನೋಡಿ. ಇಂಗ್ಲೆಂಡಿನ ದಕ್ಷಿಣ ಕರಾವಳಿಯಲ್ಲಿ ಲೈಮ್ ರೀಜಿಸ್ ಅಂತ ಊರು. ಅದರ ಪಶ್ಚಿಮಕ್ಕೆ ಅಂಡರ್‌ಕ್ಲಿಫ್ ಅನ್ನುವ ಕಾಡು ನಿಜಕ್ಕೂ ಇದೆ. ಅಲ್ಲಿ ಕೆಳಗೆ ಜೇಡಿಮಣ್ಣು, ಮೇಲೆ ಸುಣ್ಣದ ಬಂಡೆ. ಮಳೆನೀರು ಒಳಗಿಳಿದರೆ ಮೇಲಿನ ನೆಲ ಜಾರುತ್ತದೆ. 1839ರ ಕ್ರಿಸ್‌ಮಸ್ ಹೊತ್ತಿಗೆ ಬಿಂಡನ್ ಎಂಬಲ್ಲಿ ಹೊಲದ ಸಮೇತ ದೊಡ್ಡ ತುಂಡೇ ಕಡಲ ಕಡೆ ಸರಿದುಹೋಯಿತು. ಆ ತುಂಡಿನ ಮೇಲೆ ಬೆಳೆದ ಗೋಧಿಯನ್ನು ಮುಂದಿನ ವರ್ಷ ಜನ ಕೊಯ್ದರಂತೆ! ಆಮೇಲೆ ಉಳುಮೆ ನಿಂತು, ಆಶ್ ಮರಗಳು ಎದ್ದು ಕಾಡಾಯಿತು. ಫೌಲ್ಸ್ 1965ರಲ್ಲಿ ಈ ಕಾಡಿನ ಅಂಚಿನಲ್ಲೇ ಮನೆ ಮಾಡಿದರು. ಅವರ ನೆಲವೂ ಜಾರತೊಡಗಿತು, ಊರೊಳಗೆ ಬೇರೆ ಮನೆ ಹಿಡಿಯಬೇಕಾಯಿತು. ಕಾದಂಬರಿ ಬಂದದ್ದು 1969ರಲ್ಲಿ.

ಬೇಲಿ ಹಾಕಿದರೂ ನಿಲ್ಲದ ನೆಲ ಅದು. ಕಥೆ ನಡೆಯುವ 1867ರ ಆ ಊರಿನಲ್ಲಿ ಎಲ್ಲರ ಕಣ್ಣೂ ನಾಯಕಿ ಸಾರಾ ಮೇಲೆ. ಅವಳಿಗೆ ಉಸಿರಾಡಲು ಬೇರೆ ಎಲ್ಲಿ ಜಾಗ ಇತ್ತು ಹೇಳಿ? ನಾಯಕ ಚಾರ್ಲ್ಸ್ ಅಲ್ಲಿಗೆ ಹೋಗುವುದು ಸುತ್ತಿಗೆ ಹಿಡಿದು, ಕಲ್ಲಾಗಿ ಹೋದ ಸೀ ಅರ್ಚಿನ್ ಎಂಬ ಮುಳ್ಳುಮೈಯ ಕಡಲಜೀವಿಗಳನ್ನು ಹುಡುಕಿಕೊಂಡು. ಸಿಕ್ಕವಳು ನಿದ್ದೆಯಲ್ಲಿದ್ದ ಸಾರಾ. ಪಳೆಯುಳಿಕೆಗೆ ಹೆಸರು ಕೊಟ್ಟ ಹಾಗೆ ಅವಳಿಗೂ ಒಂದು ಹೆಸರು, ಒಂದು ವಿವರಣೆ ಕೊಟ್ಟುಬಿಡಬೇಕು ಅಂತ ಅವನು ಒದ್ದಾಡುತ್ತಾನೆ. ಅವಳು ಸಿಕ್ಕುವುದಿಲ್ಲ.

ಅದಕ್ಕೇ ಅವನು ಬೆಳಗಿನ ಜಾವ ಕಾಡಿಗೆ ಹೋಗುವ ಅಧ್ಯಾಯವನ್ನು ನಿಧಾನವಾಗಿ ಓದಿ. ಮುಳ್ಳುಪೊದೆಯ ತುದಿಯಲ್ಲಿ ಒಂದು ರೆನ್ ಹಕ್ಕಿ ಕೂತಿರುತ್ತದೆ. ಗುಬ್ಬಿಗಿಂತ ಚಿಕ್ಕದು. ಹತ್ತು ಅಡಿ ದೂರವೂ ಇಲ್ಲ. ಕಪ್ಪು ಕಣ್ಣು ಮಿನುಗುತ್ತಿದೆ, ಬಾಯಿ ತೆರೆದರೆ ಗಂಟಲಿನ ಕೆಂಪು, ಹಳದಿ ಕಾಣುತ್ತದೆ. ಅಷ್ಟು ಪುಟ್ಟ ಜೀವ ಮೈಯೆಲ್ಲ ದನಿಯಾಗಿ ಹಾಡುತ್ತಿದೆ. ಡಾರ್ವಿನ್ ಅವರನ್ನು ನಂಬುವ, ಎಲ್ಲಕ್ಕೂ ವರ್ಗ ಗೊತ್ತಿರುವ ಚಾರ್ಲ್ಸ್‌ಗೆ ಆ ಹೊತ್ತು ತಾನು ಇದರಿಂದೆಲ್ಲ ಹೊರಗೆ ನಿಂತವನು ಅನಿಸುತ್ತದೆ. ನನಗೆ ಇಡೀ ಪುಸ್ತಕದಲ್ಲಿ ಜಾಸ್ತಿ ಕಾಡಿದ್ದು ಇದೇ ಜಾಗ.

ಜೀವವನ್ನು ಹಿಡಿದಿಡಲು ಹೊರಡುವವರ ಬಗೆಗಿನ ಇದೇ ಚಿಂತೆ ಫೌಲ್ಸ್ ಅವರ ಮೊದಲ ಕಾದಂಬರಿ 'ದಿ ಕಲೆಕ್ಟರ್'ನಲ್ಲೂ ಇದೆ, 1963ರದ್ದು. ಚಿಟ್ಟೆ ಹಿಡಿದು ಪಿನ್ನು ಚುಚ್ಚಿ ಇಡುವವನು ಒಬ್ಬ ಹುಡುಗಿಯನ್ನೇ ನೆಲಮಾಳಿಗೆಯಲ್ಲಿ ಕೂಡಿಹಾಕುತ್ತಾನೆ. ಫೌಲ್ಸ್ ಹುಡುಗನಾಗಿದ್ದಾಗ ತಾವೇ ಚಿಟ್ಟೆ ಸಂಗ್ರಹಿಸುತ್ತಿದ್ದರು. ಹಾಗಾಗಿ ಆ ಪುಸ್ತಕದ ಭಯ ನನಗೆ ಬರೀ ಕಟ್ಟುಕತೆ ಅನಿಸುವುದಿಲ್ಲ. ಒಳಗಿಂದ ಬಂದದ್ದು ಅದು.

ಈಗ ಅರ್ಧ ಓದಿರುವುದು ಮುಗಿದ ಮೇಲೆ ಫೌಲ್ಸ್ ಅವರ 1979ರ 'ದಿ ಟ್ರೀ' ಓದಿ. ಕಾದಂಬರಿಯಲ್ಲ, ಒಂದು ಸಂಜೆಗೆ ಮುಗಿಯುವ ಸಣ್ಣ ಪುಸ್ತಕ. ಅದರಲ್ಲಿ ಅವರ ಅಪ್ಪ ಬರುತ್ತಾರೆ. ಪಟ್ಟಣದ ಅಂಗೈಯಗಲದ ಹಿತ್ತಲಲ್ಲಿ ಸೇಬು, ಪೇರ್ ಗಿಡಗಳನ್ನು ಕತ್ತರಿಸಿ ಕತ್ತರಿಸಿ ಸಾಕಿದವರು. ಒಳ್ಳೆ ಹಣ್ಣು ಬಿಡುತ್ತಿದ್ದವು. ಮಗ ಕೊಂಡ ಕುರುಚಲು ಕಾಡಿನ ಜಮೀನು ನೋಡಿ ಅಪ್ಪನಿಗೆ ಗಾಬರಿ, ಇವನಿಗೆ ಏನಾಗಿದೆ ಅಂತ. ಮಗ ಅದನ್ನು ಹಾಗೇ ಬೆಳೆಯಲು ಬಿಟ್ಟ. ಅಪ್ಪನ ಗಿಡಗಳ ಬಗ್ಗೆ ಬರೆಯುವಾಗಲೂ ಅವರ ಮಾತಿನಲ್ಲಿ ಸಿಟ್ಟಿಲ್ಲ, ಪ್ರೀತಿಯೇ ಇದೆ. ಅದನ್ನು ಓದಿ ಬಂದು ಸಾರಾ ಕಾಡಿಗೆ ಹೋಗುವ ಪುಟಗಳನ್ನು ಇನ್ನೊಮ್ಮೆ ತೆರೆಯಿರಿ.