ಹೊಟ್ಟೆ ಆಪರೇಷನ್ ಆದವರಿಗೆ ಗಂಜಿ ಒಂದೇ ಸಾಕಾ?

ತೂಕ ಇಳಿಸುವ ಸರ್ಜರಿ ಬಗ್ಗೆ ನನಗೆ ಬರುವ ಪ್ರಶ್ನೆಗಳಲ್ಲಿ ಹೆಚ್ಚಿನವು ಗಂಜಿಯವು. ಬೆಂಗಳೂರಲ್ಲೋ ಮಣಿಪಾಲದಲ್ಲೋ ಆಪರೇಷನ್ ಮಾಡಿಸಿಕೊಂಡು ಊರಿಗೆ ಬರ್ತಾರೆ. ಆಸ್ಪತ್ರೆಯವರು ಕೊಟ್ಟ ಪಥ್ಯದ ಹಾಳೆ ಬ್ಯಾಗಿನಲ್ಲೇ ಉಳಿಯುತ್ತದೆ, ಒಲೆ ಮೇಲೆ ಗಂಜಿ ಕುದಿಯುತ್ತದೆ. ಹಾಗಾಗಿ ಈ ಸಲ ಆ ಪ್ರಶ್ನೆಗೇ ಜಾಸ್ತಿ ಜಾಗ. ಸರ್ಜರಿ ಅಂದ್ರೇನು, ಯಾರಿಗೆ ಬೇಕು ಅನ್ನೋದನ್ನು ಇಲ್ಲಿ ಬರೆಯುವುದಿಲ್ಲ.

ಪ್ರಶ್ನೆ: ನಮ್ಮ ಯಜಮಾನರಿಗೆ ಸ್ಲೀವ್ ಸರ್ಜರಿ ಆಗಿ ಹತ್ತು ದಿನ ಆಯ್ತು. ನಮ್ಮ ಅತ್ತೆ ದಿನಕ್ಕೆ ಆರು ಸಲ ಕುಚ್ಚಲಕ್ಕಿ ಗಂಜಿ ತಿಳಿ ಕೊಡ್ತಾರೆ. ಹಗುರ, ಬೇಗ ಅರಗುತ್ತೆ ಅಂತಾರೆ. ಇವರಿಗೆ ಎದ್ದು ನಿಲ್ಲೋಕೂ ಸುಸ್ತು. ಇದು ಸರಿಯಾ?
(ತೀರ್ಥಹಳ್ಳಿ ಕಡೆಯ ಓದುಗರು)

ಸರಿಯಲ್ಲ. ನಿಮ್ಮ ಅತ್ತೆ ಪ್ರೀತಿಯಿಂದಲೇ ಮಾಡ್ತಿದ್ದಾರೆ, ಅದರಲ್ಲಿ ಅನುಮಾನ ಇಲ್ಲ. ನಮ್ಮ ಕಡೆ ಜ್ವರ ಬಂದರೂ ಗಂಜಿ, ಹೊಟ್ಟೆ ಕೆಟ್ಟರೂ ಗಂಜಿ. ಎರಡು ದಿನದ ಕಾಯಿಲೆಗೆ ಅದು ಸಾಕು. ನಿಮ್ಮ ಯಜಮಾನರದ್ದು ಬೇರೆ ವಿಷಯ. ಸ್ಲೀವ್‌ನಲ್ಲಿ ಜಠರದ ಮುಕ್ಕಾಲು ಭಾಗಕ್ಕಿಂತ ಜಾಸ್ತಿಯನ್ನೇ ತೆಗೆದಿರುತ್ತಾರೆ. ಉಳಿದದ್ದರಲ್ಲಿ ಹಿಡಿಯುವುದು ಸುಮಾರು 100ರಿಂದ 150 ಮಿಲಿ. ಮೊದಲ ವಾರಗಳಲ್ಲಿ ಊತ ಇರುವುದರಿಂದ ಅಷ್ಟೂ ಹಿಡಿಯುವುದಿಲ್ಲ. ಆ ಜಾಗವನ್ನು ಗಂಜಿ ತಿಳಿಯಿಂದ ತುಂಬಿಸಿದರೆ ಬೇರೆ ಯಾವುದಕ್ಕೂ ಜಾಗ ಉಳಿಯಲ್ಲ.

ಈಗ ಅವರಿಗೆ ಬೇಕಿರುವುದು ಪ್ರೊಟೀನ್. ದಿನಕ್ಕೆ 60ರಿಂದ 80 ಗ್ರಾಂ. ಗಂಜಿ ತಿಳಿಯಲ್ಲಿ ಇರುವುದು ಪಿಷ್ಟ ಮತ್ತು ನೀರು. ಇಡೀ ದಿನ ಕುಡಿದರೂ ಅದರಿಂದ ಕೆಲವೇ ಗ್ರಾಂ ಪ್ರೊಟೀನ್ ಸಿಗುತ್ತದೆ. ಹೊರಗಿನಿಂದ ಸಿಗದಿದ್ದರೆ ಮೈ ತನ್ನ ಸ್ನಾಯುವನ್ನೇ ಕರಗಿಸಿಕೊಳ್ಳುತ್ತದೆ. ತೂಕದ ಮಷೀನು ಇಳಿದದ್ದನ್ನು ತೋರಿಸುತ್ತೆ, ಮನೆಯವರು ಖುಷಿಪಡ್ತಾರೆ. ಇಳಿದದ್ದು ಕೊಬ್ಬಾ, ಸ್ನಾಯುವಾ ಅಂತ ಮಷೀನು ಹೇಳುವುದಿಲ್ಲ. ಒಳಗಿನ ಗಾಯ ಮಾಯೋದಕ್ಕೂ ಪ್ರೊಟೀನೇ ಬೇಕು. ಮೂರನೇ ತಿಂಗಳ ಹೊತ್ತಿಗೆ ಕೂದಲು ಉದುರುತ್ತೆ ಅಂತ ಎಣ್ಣೆ ಹುಡುಕುವ ಬದಲು, ಈಗಲೇ ಇದನ್ನು ಸರಿಮಾಡಿಕೊಳ್ಳಿ.

ಏನು ಕೊಡಬೇಕು? ಎರಡು ವಾರ ಮುಗಿಯುವ ತನಕ ದ್ರವವೇ. ನಂದಿನಿ ಟೋನ್ಡ್ ಹಾಲು ಆಗಬಹುದು. ಮನೆ ಹಸುವಿನದ್ದಾದರೆ ಕಾಯಿಸಿ, ಆರಿಸಿ, ಕೆನೆ ಪೂರ್ತಿ ತೆಗೆಯಿರಿ. ಒಂದು ಲೋಟಕ್ಕೆ ಕೆನೆ ತೆಗೆದ ಹಾಲಿನ ಪುಡಿ ಎರಡು ದೊಡ್ಡ ಚಮಚ ಕದಡಿ. ಸಕ್ಕರೆ ಬೇಡ. ಹಾಲು ಕುಡಿದರೆ ಭೇದಿ ಆಗುವವರಿಗೆ ತೆಳು ಮಜ್ಜಿಗೆ. ಹೆಸರುಬೇಳೆಯನ್ನು ಅರಿಶಿನ, ಜೀರಿಗೆ ಹಾಕಿ ನುಣ್ಣಗೆ ಬೇಯಿಸಿ, ಕಿವುಚಿ, ಬಟ್ಟೆಯಲ್ಲಿ ಸೋಸಿ ಕಟ್ಟು ತೆಗೆಯಿರಿ. ಆಸ್ಪತ್ರೆಯವರು ಪ್ರೊಟೀನ್ ಪುಡಿ ಬರೆದುಕೊಟ್ಟಿದ್ದರೆ, ರುಚಿ ಹಾಕದ ಪುಡಿ ತಂದು ಇದಕ್ಕೇ ಬೆರೆಸಿ. ಕಟ್ಟು ಉಗುರುಬೆಚ್ಚಗಾದ ಮೇಲೆ ಬೆರೆಸಬೇಕು. ಕುದಿಯುವಾಗ ಹಾಕಿದರೆ ಗಂಟು ಕಟ್ಟಿ, ಮೊಸರು ಒಡೆದ ಹಾಗಾಗುತ್ತದೆ. ಆಮೇಲೆ ಅವರು ಪುಡಿಯನ್ನೇ ಬೇಡ ಅಂತಾರೆ.

ಒಂದೆಲಗದ ತಂಬುಳಿ ಕೊಡಬಹುದಾ ಅಂತ ನೀವು ಕೇಳಿಲ್ಲ, ಆದರೆ ಕೇಳೇ ಕೇಳ್ತೀರಿ. ಎರಡನೇ ವಾರದಿಂದ ಕೊಡಬಹುದು. ಕಾಯಿ ಸ್ವಲ್ಪವೇ ಹಾಕಿ, ಮೆಣಸಿನಕಾಯಿ ಬಿಟ್ಟು, ಸೋಸಿ ಕೊಡಿ.

ಕುಡಿಯುವ ರೀತಿಯೂ ಮುಖ್ಯ. ಕೆಮ್ಮಿನ ಔಷಧಿ ಜೊತೆ ಬರುವ ಪುಟ್ಟ ಅಳತೆ ಕಪ್ಪು ಇದೆಯಲ್ಲ, ಅದನ್ನೇ ಇಟ್ಟುಕೊಳ್ಳಿ. ಐದಾರು ನಿಮಿಷಕ್ಕೆ ಒಂದು ಕಪ್ಪು, ಗುಟುಕು ಗುಟುಕಾಗಿ. ಎಲ್ಲಾ ಸೇರಿ ದಿನಕ್ಕೆ ಒಂದೂವರೆ ಲೀಟರ್ ಆಗಬೇಕು. ಮೂತ್ರ ಗಾಢ ಹಳದಿ ಬರ್ತಿದ್ದರೆ ಆ ಸುಸ್ತಿಗೆ ನೀರಿನ ಕೊರತೆಯೂ ಕಾರಣ. ನಿಂತಾಗ ತಲೆ ಸುತ್ತುತ್ತಿದ್ದರೆ ಇವತ್ತೇ ಸರ್ಜನ್‌ಗೆ ಫೋನ್ ಮಾಡಿ. ಬಿಪಿ, ಸಕ್ಕರೆ ಮಾತ್ರೆಗಳ ಡೋಸನ್ನೂ ಕೇಳಿ, ಈ ಸರ್ಜರಿ ಆದ ಮೇಲೆ ಹಳೇ ಡೋಸು ಜಾಸ್ತಿಯಾಗಬಹುದು.

ಮೂರನೇ ವಾರದಿಂದ ಪೇಸ್ಟಿನ ಹದ: ಮಸೆದ ಬೇಳೆ, ಗಟ್ಟಿ ಮೊಸರು, ಪೂರ್ತಿ ಬೆಂದ ಮೊಟ್ಟೆಯನ್ನು ಮಜ್ಜಿಗೆಯಲ್ಲಿ ಕಿವುಚಿದ್ದು, ಮೀನು ತಿನ್ನುವವರಿಗೆ ಮುಳ್ಳು ಬಿಡಿಸಿ ಪುಡಿಮಾಡಿದ ಬೆಂದ ಮೀನು. ಒಂದು ಮೊಟ್ಟೆಯಲ್ಲಿ 6 ಗ್ರಾಂ ಪ್ರೊಟೀನ್ ಇದೆ. ಒಂದು ಹೊತ್ತಿಗೆ ಎರಡು ಮೂರು ಚಮಚ ಸಾಕು. ಐದನೇ ವಾರದಿಂದ ಮೆತ್ತನೆಯ ಆಹಾರ. ಗಂಜಿಗೆ ಆಗ ಜಾಗ ಇದೆ, ಆದರೆ ಬೇಳೆ, ಮೊಟ್ಟೆ ತಿಂದಾದ ಮೇಲೆ, ಎರಡೇ ಚಮಚ. ಅಕ್ಕಿ ರೊಟ್ಟಿ, ಕಡುಬು ಎರಡು ತಿಂಗಳು ಬೇಡ. ಆರು ವಾರಕ್ಕೇ ಬಿಡುವ ವೈದ್ಯರಿದ್ದಾರೆ, ನಾನು ಬಿಡುವುದಿಲ್ಲ. ಘಟ್ಟದ ಮೇಲಿನ ಒಂಟಿ ಮನೆಯಲ್ಲಿ, ಮಳೆಗಾಲದ ರಾತ್ರಿ ತುತ್ತು ಸಿಕ್ಕಿಕೊಂಡರೆ ಆಸ್ಪತ್ರೆ ಎಷ್ಟು ದೂರ ಅಂತ ನನಗೆ ಗೊತ್ತು. ನಿಮ್ಮ ಸರ್ಜನ್ ಕೊಟ್ಟ ಹಾಳೆ ಇದಕ್ಕಿಂತ ಬಿಗಿಯಾಗಿದ್ದರೆ ಅದನ್ನೇ ನಡೆಸಿ.

ಪ್ರಶ್ನೆ: ಹೊಟ್ಟೆಯ ಬೈಪಾಸ್ (ಜಠರವನ್ನು ಚಿಕ್ಕದು ಮಾಡಿ ಕರುಳಿಗೆ ಜೋಡಿಸುವ, ತೂಕ ಇಳಿಸುವ ಸರ್ಜರಿ) ಆಗಿ ಒಂದು ತಿಂಗಳು. ನಾಲ್ಕು ದಿನದಿಂದ ತಿಂದದ್ದೆಲ್ಲಾ ವಾಂತಿ. ಪಕ್ಕದೂರಿನ ಒಬ್ಬರು ಪಿತ್ತ ಅಂತ ಕಷಾಯ ಕೊಟ್ಟಿದ್ದಾರೆ. (ಹೊಸನಗರ)

ಕಷಾಯ ಚೆಲ್ಲಿ, ಆಸ್ಪತ್ರೆಗೆ ಹೊರಡಿ. ಇದನ್ನು ಪಿತ್ತ ಅಂದವರಿಗೆ ನಿಮ್ಮ ಹೊಟ್ಟೆಯೊಳಗೆ ಏನಾಗಿದೆ ಅಂತಲೇ ಗೊತ್ತಿಲ್ಲ. ಜಠರದಿಂದ ಕರುಳಿಗೆ ಹೋಗುವ ದಾರಿ ಕಿರಿದಾಗಿರಬಹುದು. ಅದಕ್ಕಿಂತ ನನಗೆ ಭಯ ಥಯಾಮಿನ್, ಅಂದರೆ ವಿಟಮಿನ್ ಬಿ1ದು. ದೇಹದಲ್ಲಿ ಅದರ ದಾಸ್ತಾನು ಕೆಲವೇ ವಾರದ್ದು. ವಾಂತಿ ನಿಲ್ಲದಿದ್ದರೆ ಖಾಲಿಯಾಗಿ ಕಣ್ಣು ಮಂಜಾಗುತ್ತದೆ, ನಡಿಗೆ ತೂರಾಡುತ್ತದೆ, ಮಿದುಳಿಗೆ ಶಾಶ್ವತ ಪೆಟ್ಟು ಬೀಳಬಹುದು. ತಾಲ್ಲೂಕು ಆಸ್ಪತ್ರೆಯಾಗಲಿ, ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಾಗಲಿ, ಡ್ಯೂಟಿ ಡಾಕ್ಟರಿಗೆ ಮೊದಲು ಹೇಳಬೇಕಾದ್ದು ಇದು: ಹೊಟ್ಟೆಯ ಬೈಪಾಸ್ ಆಗಿದೆ, ವಾಂತಿ ನಿಂತಿಲ್ಲ, ಗ್ಲೂಕೋಸ್ ಹಾಕುವ ಮುಂಚೆ ಥಯಾಮಿನ್ ಕೊಡಿ. ಡಿಸ್ಚಾರ್ಜ್ ಹಾಳೆ ಕೈಯಲ್ಲಿರಲಿ. ಜ್ವರ, ಎದೆಬಡಿತ ನಿಮಿಷಕ್ಕೆ 120 ದಾಟಿದ್ದು, ಹೊಟ್ಟೆ ಅಥವಾ ಎಡ ಭುಜದ ನೋವು, ಇವುಗಳಲ್ಲಿ ಯಾವುದು ಇದ್ದರೂ ಹೊಲಿಗೆ ಸೋರಿರುವ ಸಾಧ್ಯತೆ ಇದೆ. ಬೆಳಗಾಗಲಿ ಅಂತ ಕಾಯಬೇಡಿ.

ಪ್ರಶ್ನೆ: ಸರ್ಜರಿಯಲ್ಲಿ ಜಠರ ಹೊಲಿಯಲು ಒಳಗೆ ಹಾಕಿದ ಪಿನ್ನುಗಳನ್ನು ಕರಗಿಸುವ ಪುಡಿ ಮಾರ್ತಾರೆ. ತಗೊಳ್ಳಬಹುದಾ?

ಅವು ಟೈಟಾನಿಯಂ, ಕರಗುವುದಿಲ್ಲ, ಕರಗಬೇಕಾಗಿಯೂ ಇಲ್ಲ. ಪುಡಿ ಮಾರುವವರು ಸುಳ್ಳು ಹೇಳ್ತಿದ್ದಾರೆ.

ಪ್ರಶ್ನೆ: ಸಕ್ಕರೆ ಬೇಡ ಅಂದ್ರಿ. ಜೋನಿ ಬೆಲ್ಲ ಆಗಬಹುದಲ್ವಾ?

ಅದೂ ಸಕ್ಕರೆಯೇ. ಬೈಪಾಸ್ ಆದವರಿಗೆ ಎದೆ ಡವಡವ, ಬೆವರು, ಭೇದಿ ತರುತ್ತದೆ. ಹಲಸಿನ ಹಣ್ಣೂ ಈ ವರ್ಷ ಬಿಡಿ.

ಪ್ರಶ್ನೆ: ವಿಟಮಿನ್ ಮಾತ್ರೆ ಎಷ್ಟು ದಿನ?

ಜೀವನ ಪೂರ್ತಿ. ಕಬ್ಬಿಣದ ಮಾತ್ರೆಗೂ ಕ್ಯಾಲ್ಸಿಯಂ ಮಾತ್ರೆಗೂ ನಡುವೆ ಎರಡು ಗಂಟೆ ಬಿಡಿ. ಕಬ್ಬಿಣದ ಮಾತ್ರೆಯನ್ನು ಚಹಾ ಜೊತೆ ನುಂಗಬೇಡಿ.

ಪ್ರಶ್ನೆ: ಎಲೆ ಅಡಿಕೆ?

ಬೇಡ. ಹೊಗೆಸೊಪ್ಪು ಸೇರಿದ್ದರೆ ಇನ್ನೂ ಬೇಡ.

ಪ್ರಶ್ನೆ: ನಾಲಿಗೆ ಸಪ್ಪೆ. ಮಿಡಿ ಉಪ್ಪಿನಕಾಯಿಯ ರಸ ಮಾತ್ರ?

ಎರಡು ತಿಂಗಳು ಅದೂ ಬೇಡ. ಮಜ್ಜಿಗೆಗೆ ಚಿಟಿಕೆ ಇಂಗು, ಜೀರಿಗೆ ಪುಡಿ ಹಾಕಿಕೊಳ್ಳಿ.