ಬ್ರಿಟಿಷ್ ಸೈನ್ಯ ಸೇರಿದವನು ಬಂಡಾಯಗಾರ ಆಗಿದ್ದು ಹೇಗೆ?

ಪ್ರಶ್ನೆ: ಅಮೆರಿಕದ ಬಾಸ್ಟನ್ನಿನಲ್ಲಿ ‘ಪೈಲಟ್’ ಪತ್ರಿಕೆ ನಡೆಸಿದ ಜಾನ್ ಬಾಯ್ಲ್ ಓ’ರೈಲಿ ಐರ್ಲೆಂಡಿನ ಸ್ವಾತಂತ್ರ್ಯಕ್ಕಾಗಿ ಜೈಲಿಗೆ ಹೋದವನು ಎಂದು ಓದಿದ್ದೇನೆ. ಆದರೆ ಅದಕ್ಕೂ ಮೊದಲು ಅವನು ಬ್ರಿಟಿಷ್ ಸೈನ್ಯದಲ್ಲೇ ಇದ್ದನಂತೆ. ಇದೆಂಥ ವಿಚಿತ್ರ? ಅವನ ಎಳೆಯ ದಿನಗಳ ಬಗ್ಗೆ ಸ್ವಲ್ಪ ಹೇಳುತ್ತೀರಾ?

ಉತ್ತರ: ಓ’ರೈಲಿ ಹುಟ್ಟಿದ್ದು 1844ರ ಜೂನ್ 28ರಂದು, ಡ್ರೊಹೆಡಾ ಪಟ್ಟಣದ ಹತ್ತಿರದ ಡೌತ್ ಎಂಬಲ್ಲಿ. ಪಕ್ಕದಲ್ಲೇ ಬಾಯ್ನ್ ನದಿ. ಸುತ್ತ ಸಾವಿರಾರು ವರ್ಷ ಹಳೆಯ ಸಮಾಧಿ ದಿಬ್ಬಗಳು. 1690ರಲ್ಲಿ ಐರ್ಲೆಂಡಿನ ಹಣೆಬರಹ ಬದಲಿಸಿದ ಯುದ್ಧ ನಡೆದಿದ್ದೂ ಇದೇ ನದಿಯ ದಂಡೆಯಲ್ಲಿ. ಅಪ್ಪ ಅಲ್ಲೇ ಶಾಲೆಯ ಮೇಷ್ಟ್ರು. ಹಾಗಾಗಿ ಮನೆಯಲ್ಲಿ ಓದಿಗೆ ಕೊರತೆ ಇರಲಿಲ್ಲ, ದುಡ್ಡು ಮಾತ್ರ ಅಷ್ಟಕ್ಕಷ್ಟೇ. ಅವನಿಗೆ ಒಂದು ವರ್ಷ ತುಂಬಿದ ಕೆಲವೇ ತಿಂಗಳಿಗೆ ಆಲೂಗಡ್ಡೆ ಬೆಳೆಗೆ ರೋಗ ಬಿತ್ತು. ಮುಂದಿನ ಕೆಲವು ವರ್ಷಗಳಲ್ಲಿ ಐರ್ಲೆಂಡಿನಲ್ಲಿ ಸುಮಾರು 10 ಲಕ್ಷ ಜನ ಹಸಿವು, ಜ್ವರದಿಂದ ಸತ್ತರು. ಅಷ್ಟೇ ಜನ, ಬಹುಶಃ ಇನ್ನೂ ಜಾಸ್ತಿ, ಹಡಗು ಹತ್ತಿ ದೇಶ ಬಿಟ್ಟರು. ಮೇಷ್ಟ್ರ ಮನೆ ಹೇಗೋ ಉಳಿದುಕೊಂಡಿತು.

ಅವನ ಬದುಕಿಗೆ ದಾರಿ ತೋರಿಸಿದ್ದು ಅಣ್ಣನ ಕಾಯಿಲೆ. ‘ಡ್ರೊಹೆಡಾ ಆರ್ಗಸ್’ ಪತ್ರಿಕೆಯ ಅಚ್ಚುಕೂಟದಲ್ಲಿ ಕೆಲಸ ಕಲಿಯಲು ಅಣ್ಣನನ್ನು ಸೇರಿಸಿದ್ದರು. ಅದಕ್ಕೆ ಮುಂಗಡವಾಗಿ 50 ಪೌಂಡ್ ಕಟ್ಟಿದ್ದರು. ಮೇಷ್ಟ್ರ ಸಂಬಳಕ್ಕೆ ಅದು ದೊಡ್ಡ ಮೊತ್ತ. ಅಣ್ಣ ಕಾಯಿಲೆ ಬಿದ್ದು ಮನೆಗೆ ಬಂದ. ಕಟ್ಟಿದ ದುಡ್ಡು ಮುಳುಗಬಾರದಲ್ಲ, ಆ ಜಾಗಕ್ಕೆ ತಮ್ಮ ಹೋದ. ಆಗ ಅವನಿಗೆ ಸುಮಾರು 11 ವರ್ಷ. ದಿನವಿಡೀ ಒಂದೊಂದೇ ಅಚ್ಚಿನ ಮೊಳೆ ಹೆಕ್ಕಿ ಸಾಲು ಕಟ್ಟುವ ಕೆಲಸ. ಅವನ ಶಾಲೆ ಅಲ್ಲಿಗೆ ಮುಗಿಯಿತು ಅಂತಾರೆ. ನನಗೇನೋ ನಿಜವಾದ ಶಾಲೆ ಅಲ್ಲೇ ಶುರುವಾಯಿತು ಅನ್ನಿಸುತ್ತದೆ.

ಹದಿನೈದರ ಹೊತ್ತಿಗೆ ಸಮುದ್ರ ದಾಟಿ ಇಂಗ್ಲೆಂಡಿನ ಪ್ರೆಸ್ಟನ್‌ಗೆ, ಅಮ್ಮನ ಕಡೆಯ ಚಿಕ್ಕಮ್ಮನ ಮನೆಗೆ ಹೋದ. ಅಲ್ಲಿ ‘ಪ್ರೆಸ್ಟನ್ ಗಾರ್ಡಿಯನ್’ ಪತ್ರಿಕೆಯಲ್ಲಿ ಕೆಲಸ. ಶೀಘ್ರಲಿಪಿ ಕಲಿತ, ಮೊಳೆ ಬಿಟ್ಟು ಪೆನ್ನು ಹಿಡಿದು ವರದಿಗಾರನಾದ. ಬಿಡುವಿನಲ್ಲಿ ಊರಿನ ರೈಫಲ್ ಸ್ವಯಂಸೇವಕರ ಪಡೆ ಸೇರಿ ಕವಾಯತು ಮಾಡುತ್ತಿದ್ದ. ಈ ಸಣ್ಣ ವಿವರ ನೆನಪಿಟ್ಟುಕೊಳ್ಳಿ.

1863ರಲ್ಲಿ ಐರ್ಲೆಂಡಿಗೆ ಮರಳಿ 10ನೇ ಹುಸಾರ್ ಅಶ್ವದಳ ಸೇರಿದ. ಸೈನ್ಯವನ್ನು ಒಳಗಿನಿಂದ ಒಡೆಯಲೆಂದೇ ಸೇರಿದ ಎಂದು ಅಭಿಮಾನಿಗಳು ಹೇಳುವುದುಂಟು. ನಾನು ಒಪ್ಪುವುದಿಲ್ಲ. ಐರ್ಲೆಂಡಿನ ಸ್ವಾತಂತ್ರ್ಯಕ್ಕಾಗಿ ದಂಗೆ ಎಬ್ಬಿಸಲು ಹೊರಟಿದ್ದ ಫೀನಿಯನ್ನರ ಗುಪ್ತ ಸಂಘಟನೆಗೆ, ಅಂದರೆ ಐರಿಷ್ ರಿಪಬ್ಲಿಕನ್ ಬ್ರದರ್‌ಹುಡ್‌ಗೆ, ಅದರ ಸಂಘಟಕ ಜಾನ್ ಡೆವಾಯ್ ಅವನನ್ನು ಸೇರಿಸಿದ್ದು 1865ರಲ್ಲಿ. ಸೈನ್ಯ ಸೇರಿ ಎರಡು ವರ್ಷ ಆದ ಮೇಲೆ! ಪ್ರೆಸ್ಟನ್ನಿನ ಆ ಕವಾಯತು ನೋಡಿದರೆ ಹುಡುಗನಿಗೆ ಸಮವಸ್ತ್ರ, ಬಂದೂಕು ಸುಮ್ನೆ ಇಷ್ಟವಿತ್ತು. ಹತ್ತೊಂಬತ್ತರ ವಯಸ್ಸು ಅಲ್ವಾ? ಇನ್ನೊಂದು ಮಾತು. ಆ ಸೈನ್ಯದಲ್ಲಿ ಐರಿಷ್ ಹುಡುಗರು ಸಾವಿರಗಟ್ಟಲೆ ಇದ್ದರು. ಬಡವರ ಮನೆಯವರಿಗೆ ಅದೊಂದು ಉದ್ಯೋಗ. ಅದಕ್ಕೇ ಡೆವಾಯ್ ತನ್ನ ಜನರನ್ನು ಬ್ಯಾರಕ್ಕುಗಳಲ್ಲೇ ಹುಡುಕುತ್ತಿದ್ದ. ಓ’ರೈಲಿ ಸಿಕ್ಕಿದ ಮೇಲೆ ಅವನೂ ಜತೆಯ ಸೈನಿಕರನ್ನು ಸೆಳೆಯತೊಡಗಿದ.

ಇದು ಹೆಚ್ಚು ದಿನ ನಡೆಯಲಿಲ್ಲ. 1866ರ ಫೆಬ್ರವರಿಯಲ್ಲಿ ಸಿಕ್ಕಿಬಿದ್ದ. ದಂಗೆಯ ಸಂಚು ಗೊತ್ತಿದ್ದೂ ಮೇಲಿನವರಿಗೆ ತಿಳಿಸಲಿಲ್ಲ ಎಂಬ ಆರೋಪ ಹೊರಿಸಿ ಸೇನಾ ನ್ಯಾಯಾಲಯ ಮರಣದಂಡನೆ ವಿಧಿಸಿತು. ಆಮೇಲೆ ಅದು 20 ವರ್ಷದ ಕಠಿಣ ಶಿಕ್ಷೆಗೆ ಇಳಿಯಿತು. ಇಂಗ್ಲೆಂಡಿನ ಜೈಲುಗಳನ್ನು ಸುತ್ತಿಸಿ, 1867ರ ಅಕ್ಟೋಬರಿನಲ್ಲಿ ‘ಹೌಗೋಮಾಂಟ್’ ಹಡಗಿನಲ್ಲಿ ಆಸ್ಟ್ರೇಲಿಯಾಕ್ಕೆ ಸಾಗಿಸಿದರು. ಪಶ್ಚಿಮ ಆಸ್ಟ್ರೇಲಿಯಾಕ್ಕೆ ಕೈದಿಗಳನ್ನು ಒಯ್ದ ಕೊನೆಯ ಹಡಗು ಅದು. ಅದರಲ್ಲಿ 62 ಮಂದಿ ಫೀನಿಯನ್ನರು.

ಹಡಗಿನಲ್ಲಿ ಅವರು ಮಾಡಿದ್ದೇನು ಗೊತ್ತಾ? ಪತ್ರಿಕೆ! ಹೆಸರು ‘ವೈಲ್ಡ್ ಗೂಸ್’. ಹಿಂದೆ ದೇಶ ಬಿಟ್ಟು ಪರದೇಶದ ಸೈನ್ಯ ಸೇರಿದ ಐರಿಷರಿಗೆ ಇದ್ದ ಅಡ್ಡಹೆಸರು ಅದು, ‘ಕಾಡು ಬಾತುಗಳು’ ಅಂತ. ಅಚ್ಚಿನ ಮೊಳೆ ಎಲ್ಲಿಂದ ತರುವುದು? ಕೈಯಲ್ಲೇ ಬರೆದು ಏಳು ಸಂಚಿಕೆ ತಂದರು. ಓ’ರೈಲಿಯೂ ಅದಕ್ಕೆ ಬರೆದ. ಆ ಹಾಳೆಗಳು ಇಂದಿಗೂ ಸಿಡ್ನಿಯ ಗ್ರಂಥಾಲಯದಲ್ಲಿವೆ.

1869ರಲ್ಲಿ ಬನ್‌ಬರಿ ಹತ್ತಿರದ ರಸ್ತೆ ಕೆಲಸದಿಂದ ತಪ್ಪಿಸಿಕೊಂಡ. ಪಾದ್ರಿ ಪ್ಯಾಟ್ರಿಕ್ ಮೆಕೇಬ್ ನೆರವಾದರು. ಮೊದಲು ಗೊತ್ತುಮಾಡಿದ್ದ ಹಡಗು ಇವನನ್ನು ಹತ್ತಿಸಿಕೊಳ್ಳದೆ ಹೋಗಿಬಿಟ್ಟಿತು. ‘ಗೆಜೆಲ್’ ಎಂಬ ಅಮೆರಿಕದ ತಿಮಿಂಗಿಲ ಬೇಟೆಯ ಹಡಗು ಕೈಹಿಡಿಯಿತು. ನವೆಂಬರ್ 23ಕ್ಕೆ ಫಿಲಡೆಲ್ಫಿಯಾದಲ್ಲಿ ಇಳಿದಾಗ ವಯಸ್ಸು 25.

ಮರುವರ್ಷವೇ ‘ಪೈಲಟ್’ ಸೇರಿದ. ಸೇರಿದ ಹೊಸದರಲ್ಲೇ, ಅಮೆರಿಕದ ಫೀನಿಯನ್ನರು ಕೆನಡಾ ಗಡಿಗೆ ನುಗ್ಗಿದಾಗ ಪತ್ರಿಕೆ ಇವನನ್ನೇ ವರದಿಗೆ ಕಳಿಸಿತು. ತನ್ನ ಜನರೇ ತಾನೇ ಎಂದು ಮುಚ್ಚಿಡಲಿಲ್ಲ. ಆ ದಾಳಿ ಬರೀ ಸೋಲು ಎಂದು ನೇರವಾಗಿ ಬರೆದ.